ಸೋಮವಾರ ಸಿಗುತ್ತಾರೆ

ಹೊಳೆ ದಂಡೇಲಿ ಒಂದು ಆಶ್ರಮ. ಮಂಡಿ, ಮೊಣಕೈ, ಸೊಂಟದ ನೋವಿಗೆ ಅಲ್ಲಿ ಎಣ್ಣೆ ಕಾಯಿಸಿ ಮಾರ್ತಿದ್ರು. ಮುರಿದ ಮೂಳೆ ಕಟ್ತಿದ್ರು. ಆಶ್ರಮದ ಅಕ್ಕಿ, ಬೇಳೆ, ಉಪ್ಪು ಎಲ್ಲ ನಡೀತಿದ್ದಿದ್ದು ಆ ವ್ಯಾಪಾರದಿಂದಲೇ.

ಎಣ್ಣೆ ಕೊಳ್ಳೋರು ಬರ್ತಿದ್ದಿದ್ದು ವೆಬ್‌ಸೈಟ್ ನೋಡಿ. ವೆಬ್‌ಸೈಟ್ ನೋಡ್ಕೊಳ್ತಿದ್ದಿದ್ದು ಶಿಷ್ಯ ಶಂಭುಲಿಂಗ.

ಯುಗಾದಿ ಬಂದಾಗೆಲ್ಲ ಶಂಭು ಕಂಪ್ಯೂಟರಿಗೆ ಮಾವಿನ ಎಲೆ ಸಿಗಿಸಿ, ಊದಿನಕಡ್ಡಿ ಹಚ್ಚಿ, ವೆಬ್‌ಸೈಟಿನ ತೀರಾ ಕೆಳಗೆ ಸಣ್ಣಕ್ಷರದಲ್ಲಿರೋ ಇಸವಿ ಬದಲಾಯಿಸ್ತಿದ್ದ. ಹೋದ ವರ್ಷದ್ದು ತೆಗೆದು ಈ ವರ್ಷದ್ದು ಹಾಕೋದು. ಆಮೇಲೆ ಬೇವು ಬೆಲ್ಲ ತಿಂದು ಕಂಪ್ಯೂಟರ್ ಮುಚ್ಚಿಡೋದು.

"ವೆಬ್‌ಸೈಟ್ ಸರಿ ಇದೆಯೇನೋ ಶಂಭು?" ಅಂತ ಗುರುಗಳು ಕೇಳ್ತಿದ್ರು.

"ಹೊಸದಾಗಿದೆ ಗುರುಗಳೆ."

"ಒಳ್ಳೇದಾಯ್ತು."

ಒಂದು ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಸೊಂಟದವರೆಗೂ ಒದ್ದೆಯಾಗಿ ಬಂದು ಅಂಗಳದಲ್ಲಿ ನಿಂತರು. ಗಂಡನ ಕೈಯಲ್ಲಿ ಒಂದೇ ಒಂದು ಚಪ್ಪಲಿ ಇತ್ತು.

"ದೋಣಿ ಬಂದು ಕರ್ಕೊಂಡು ಹೋಗುತ್ತೆ ಅಂತ ಬರೆದಿದ್ದೀರಿ," ಅಂದ ಗಂಡ. "ಕಾದ್ವಿ. ಕೂಗಿದ್ವಿ. ಈಚೆ ದಡದಿಂದ ಒಂದು ಎಮ್ಮೆ ತಿರುಗಿ ನೋಡ್ತು. ಅಷ್ಟೇ."

"ಬರೋವಾಗ ಮಂಡಿ ನೋವಿತ್ತು," ಅಂದಳು ಹೆಂಡತಿ. "ಈಗ ಜೊತೆಗೆ ನೆಗಡಿ."

ಹೊಳೆಯ ತಿರುವಿನಾಚೆ ಸೇತುವೆ ಆಗಿ ಎಷ್ಟೋ ವರ್ಷ ಆಗಿತ್ತು. ವೆಬ್‌ಸೈಟಿಗೆ ಇನ್ನೂ ಗೊತ್ತಾಗಿರಲಿಲ್ಲ.

ಗುರುಗಳು ಇಬ್ಬರಿಗೂ ಒಣಬಟ್ಟೆ ಕೊಟ್ರು, ಶುಂಠಿ ಕಷಾಯ ಕೊಟ್ರು, ಎಣ್ಣೆ ಕೊಟ್ಟು ಕ್ಷಮೆ ಕೇಳಿ ಸೇತುವೆ ದಾರೀಲಿ ಕಳಿಸಿದ್ರು.

"ಕಂಪ್ಯೂಟರ್ ತಗೊಂಡು ಬಾ," ಅಂದ್ರು ಶಂಭೂಗೆ. "ನೀನು ಓದು. ನಾನು ಹೋಗಿ ನೋಡ್ತೀನಿ."

ಶಂಭು ಓದಿದ. "ಹೊಳೆ ದಾಟಲು ದೋಣಿಯ ವ್ಯವಸ್ಥೆ ಇದೆ."

ದೋಣಿ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಗುರುಗಳು ಬಗ್ಗಿ ನೋಡಿದ್ರು.

"ಇದೆ. ಒಳಗೆ ನಾಯಿ ಮರಿ ಹಾಕಿದೆ. ಮುಂದೆ ಓದು."

"ವಿಶಾಲವಾದ ಅತ್ತಿ ಮರದ ನೆರಳಿನಲ್ಲಿ ವಿಶ್ರಾಂತಿ ಪಡೆಯಿರಿ."

ಗುರುಗಳು ಬಿಸಿಲಲ್ಲಿ ನಡೆದು ಹೋಗಿ, ಕಡಿದ ಮರದ ಬೊಡ್ಡೆ ಮೇಲೆ ಕೂತರು.

"ನೆರಳಿಲ್ಲ. ವಿಶ್ರಾಂತಿ ಆಗುತ್ತೆ. ಮುಂದೆ?"

"ಹೆಚ್ಚಿನ ಮಾಹಿತಿಗೆ ಕರೆ ಮಾಡಿ."

"ಮಾಡು."

ಶಂಭು ಮಾಡಿದ. ಆ ಕಡೆಯಿಂದ ಒಬ್ಬ ಕೇಳಿದ, "ಫಾರಂ ಬೇಕಾ, ನಾಟಿ ಬೇಕಾ?"

"ಇದು ಆಶ್ರಮದ ನಂಬರ್ ಅಲ್ವಾ?"

"ಓ, ನೀವಾ! ನೀವು ಬಿಟ್ಟ ನಂಬರು ನನಗೆ ಬಂತು ಸ್ವಾಮಿ. ಕೋಳಿ ಅಂಗಡಿ ಇದು. ದಿನಾ ನಿಮ್ಮೋರು ಫೋನ್ ಮಾಡ್ತಾರೆ, ಮಂಡಿ ನೋವು ಅಂತ. ಪಾಪ, ಸುಮ್ಮನೆ ಇಟ್ಟುಬಿಡೋಕೆ ಮನಸ್ಸಾಗಲ್ಲ. ನಾಟಿ ಕೋಳಿ ಸಾರು ಕುಡೀರಿ ಅಂತೀನಿ."

ಗುರುಗಳು ಫೋನಿನ ಹತ್ತಿರ ಬಗ್ಗಿದ್ರು. "ಗುಣ ಆಯ್ತಂತಾ?"

"ಇಬ್ರು ಮತ್ತೆ ಬಂದ್ರು ಸ್ವಾಮಿ."

"ಒಳ್ಳೇದಾಯ್ತು."

ಶಂಭು ಬೇಗ ಬೇಗ ಪುಟ ಸರಿಸಿದ.

"ನಿಲ್ಲು," ಅಂದ್ರು ಗುರುಗಳು. "ಮಧ್ಯೆ ಒಂದು ಫೋಟೋ ಹೋಯ್ತು."

"ಅದನ್ನ ಆಮೇಲೆ ನೋಡೋಣ ಗುರುಗಳೆ."

"ಓದು."

ಶಂಭು ದನಿ ತಗ್ಗಿಸಿ ಓದಿದ. "ಎಂಬತ್ತರಲ್ಲೂ ಗಟ್ಟಿಮುಟ್ಟಾಗಿರುವ ನಮ್ಮ ಮೂಳೆ ವೈದ್ಯ ಹಾಲಪ್ಪಜ್ಜ ಪ್ರತಿ ಸೋಮವಾರ ಖುದ್ದಾಗಿ ಸಿಗುತ್ತಾರೆ."

ಗುರುಗಳು ಇದನ್ನ ನೋಡೋಕೆ ಎದ್ದು ಹೋಗಲಿಲ್ಲ. ಹಾಲಪ್ಪಜ್ಜ ಮೂರು ವರ್ಷ ಹಾಸಿಗೆ ಹಿಡಿದು, ಹೋದ ದೀಪಾವಳೀಲಿ ತೀರಿಕೊಂಡಿದ್ರು.

"ಯಾಕೋ ತೆಗೀಲಿಲ್ಲ?"

"ಮಲಗಿದಾಗ, ಎದ್ದೇಳ್ತಾರೆ ಬಿಡು ಅಂದ್ಕೊಂಡೆ. ಹೋದ ಮೇಲೆ ಕೈ ಬರಲಿಲ್ಲ. ಅಲ್ಲಾದ್ರೂ ಇರಲಿ ಅನ್ನಿಸ್ತು."

"ಸರಿ ಇದೆಯಾ ಅಂತ ನಾನೂ ಕೇಳ್ತಾನೇ ಬಂದೆ. ಒಂದ್ಸಲ ಕಣ್ಣಿಟ್ಟು ನೋಡಲಿಲ್ಲ," ಅಂದ್ರು ಗುರುಗಳು.

ಆಗ ಗೇಟು ಕಿರುಗುಟ್ತು.

ಬಂದವರು ಒಬ್ಬರು ಮುದುಕರು. ಬಿಳೀ ಧೋತರ, ಹೆಗಲಿಗೆ ಚೀಲ. ಬಲಗೈ ಮೊಣಕೈ ಹತ್ತಿರ ಹೊರಗೆ ಸೊಟ್ಟಕ್ಕೆ ತಿರುಗಿತ್ತು.

"ಹಾಲಪ್ಪ ಎಲ್ಲದಾನ್ರಿ? ನಾನು ಅವನ ಅಣ್ಣ, ದುಂಡಪ್ಪ. ಇವತ್ತ ಸೋಮವಾರ ಹೌದಲ್ಲ?"

ಶಂಭು ಕಂಪ್ಯೂಟರ್ ಮುಚ್ಚಿದ.

"ನೀರು ಕುಡೀರಿ," ಅಂದ್ರು ಗುರುಗಳು, ಚೊಂಬು ಕೊಟ್ಟು.

"ಮೊದಲ ಅವನ್ನ ಕರೀರಿ. ಅವನ ಮುಂದ ಕುಡೀತೀನಿ. ಇಲ್ಲಂದ್ರ, ನೀರೂ ಮುಟ್ಟಲಿಲ್ಲ, ಅಣ್ಣಗ ಇನ್ನೂ ನನ್ನ ಮ್ಯಾಲ ಸಿಟ್ಟದ ಅಂತ ತಿಳ್ಕೋತಾನ."

ಗುರುಗಳು ಮಾತು ಸುತ್ತಲಿಲ್ಲ. "ಹಾಲಪ್ಪ ದೀಪಾವಳೀಲಿ ತೀರಿಕೊಂಡ್ರು. ಅದಕ್ಕೂ ಮುಂಚೆ ಮೂರು ವರ್ಷ ಹಾಸಿಗೆ ಮೇಲಿದ್ರು."

ದುಂಡಪ್ಪ ನಕ್ಕರು. "ಏ, ಬಿಡ್ರಿ. ಈ ಯುಗಾದಿಗೂ ಮೊಮ್ಮಗಳು ಫೋನ್‌ನಾಗ ತೋರಿಸ್ಯಾಳ. ಗಟ್ಟಿಮುಟ್ಟ ಅದಾನಂತ ನೀವ ಬರದೀರಿ. ಹಳೇದಿರಬೇಕು ನೋಡವಾ ಅಂದೆ. ಇಲ್ಲಜ್ಜ, ಕೆಳಗ ಈ ವರ್ಷದ್ದ ಇಸವಿ ಅದ ಅಂದ್ಲು."

ದುಂಡಪ್ಪ ಶಂಭುವಿನ ಮುಖ ನೋಡಿದ್ರು. ನಗು ನಿಂತಿತು. ಹಾಗೇ ಮಣ್ಣಲ್ಲಿ ಕೂತುಬಿಟ್ರು.

ಕೂತಲ್ಲೇ ಸೊಟ್ಟ ಕೈ ಮುಂದೆ ಮಾಡಿದ್ರು.

"ಇದ ನೋಡ್ರಿ, ಅವ ಕಟ್ಟಿದ ಮೊದಲನೇ ಮೂಳಿ. ಆಗಿನ್ನೂ ಕಲೀತಿದ್ದ. ಸೊಟ್ಟ ಕೂಡ್ತು. ನಾನರ ಬಾಯಿ ಮುಚ್ಚಿಕೊಂಡು ಇರಬೇಕಿಲ್ಲ? ಅವನ ಕಡೆ ಯಾರರ ಕೈಕಾಲು ತೋರ್ಸಾಕ ಬಂದ್ರ ಸಾಕು, ಮುಂದ ನಿಂತು ಈ ಕೈ ಎತ್ತಿ ತೋರಿಸ್ತಿದ್ದೆ. ಇವನ ಕೈಗುಣ ನೋಡ್ರಪ್ಪೋ ಅಂತ. ಮಂದಿ ನಗ್ತಿದ್ರು. ನನಗೂ ಭಾಳ ಹುರುಪು. ಒಂದಿನ ಹೇಳದ ಕೇಳದ ಊರ ಬಿಟ್ಟ."

"ಇಲ್ಲಿಗೆ ಬಂದ್ರು," ಅಂದ್ರು ಗುರುಗಳು. "ಆಮೇಲೆ ಒಂದೂ ಮೂಳೆ ಸೊಟ್ಟ ಕಟ್ಟಲಿಲ್ಲ."

"ಹೌದಂತ. ಎಲ್ಲಾರೂ ಹೇಳ್ತಾರ." ದುಂಡಪ್ಪ ಕಣ್ಣೊರೆಸಿಕೊಂಡ್ರು. "ಇದ ಕೈಲೆ ಮಕ್ಕಳ್ನ ಎತ್ತಿ ಆಡಿಸೀನಿ, ಹೊಲಾ ಹರಗೀನಿ, ಏನೂ ಕಮ್ಮಿ ಆಗಿಲ್ಲೋ ತಮ್ಮಾ ಅಂತ ಹೇಳಬೇಕಾಗಿತ್ತು. ಇಷ್ಟ ಮಾತು ರೀ."

ಶಂಭು ಚೊಂಬನ್ನ ಅವರ ಹತ್ತಿರ ಸರಿಸಿದ. ಅವರು ಮುಟ್ಟಲಿಲ್ಲ.

"ಇಷ್ಟು ದಿನ ಯಾಕ ಬರಲಿಲ್ಲ ಅಂತೀರಿ. ಮಾರಿ ತೋರ್ಸಾಕ ನಾಚಿಕಿ. ಫೋನ್ ನೋಡೋದು, ಗಟ್ಟಿ ಅದಾನ, ಮುಂದಿನ ಸೋಮವಾರ ಹೋದ್ರಾತು ಅನ್ನೋದು. ಜಡ್ಡಾಗಿ ಮಲಗ್ಯಾನ ಅಂತ ಒಂದಕ್ಷರ ಕಂಡಿದ್ರ, ನಾಚಿಕಿ ಗೀಚಿಕಿ ಬಿಟ್ಟು ಓಡಿ ಬರ್ತಿದ್ದೆ."

ಶಂಭು ಅವರ ಕಾಲಿಗೆ ಬಿದ್ದ. "ತಪ್ಪು ನಂದು ಅಜ್ಜಾರೆ. ಬರೆದಿದ್ದು ನಾನು."

"ಏಳಪಾ. ನಾನು ಬಸ್ಸು ತಪ್ಪಿದ್ರೂ ಕಂಡಕ್ಟರನ್ನ ಬೈಯಾಂವ. ಇವತ್ತ ಬೈಯಾಕ ಬಾಯಿ ಬರವಲ್ದು."

ಗುರುಗಳು ಒಳಗೆ ಹೋಗಿ ಬಟ್ಟಲಲ್ಲಿ ಎಣ್ಣೆ ತಂದರು. ಮಣ್ಣಲ್ಲೇ ಪಕ್ಕಕ್ಕೆ ಕೂತು, ಆ ಸೊಟ್ಟ ಮೊಣಕೈ ತೊಡೆ ಮೇಲಿಟ್ಕೊಂಡು ತಿಕ್ಕೋಕೆ ಶುರು ಮಾಡಿದ್ರು.

"ನೋವಿದೆಯಾ?"

"ಮಳಿ ಬಂದ್ರ ಹಿಡೀತದ."

ಗುರುಗಳು ತಿಕ್ತಾನೇ ಇದ್ರು. ಬಿಸಿಲು ಇಳೀತಾ ಬಂತು.

"ಸ್ವಾಮಿಗಳ, ಒಂದು ಕೇಳ್ತೀನಿ," ಅಂದ್ರು ದುಂಡಪ್ಪ. "ಅವ ನನ್ನ ಹೆಸರು ಯಾವಾಗರ ತಗದಿದ್ನೇನು?"

ಗುರುಗಳ ಕೈ ನಿಂತಿತು. ಶಂಭು ಬಾಯಿ ತೆರೆಯೋದ್ರಲ್ಲಿದ್ದ. ಗುರುಗಳು ಅವನ ಕಡೆ ನೋಡಿದ್ರು. ಮುಚ್ಚಿಕೊಂಡ.

"ಇಲ್ಲ," ಅಂದ್ರು ಗುರುಗಳು. "ನನ್ನ ಹತ್ತಿರ ತೆಗೀಲಿಲ್ಲ."

ದುಂಡಪ್ಪ ತಲೆಯಾಡಿಸಿದ್ರು. ಚೊಂಬೆತ್ತಿ ನೀರು ಕುಡಿದ್ರು. ಎದ್ದು ಕೈ ಮುಗಿಯೋಕೆ ಹೋದ್ರು. ಒಂದು ಕೈ ಇನ್ನೊಂದಕ್ಕೆ ಸರಿಯಾಗಿ ಕೂಡಲಿಲ್ಲ. ಹಾಗೇ ಮುಗಿದು ಹೊರಟ್ರು.

ಶಂಭು ಕಂಪ್ಯೂಟರ್ ತೆರೆದ. ದೋಣಿ ತೆಗೆದ. ಮರ ತೆಗೆದ. ಕೋಳಿ ಅಂಗಡಿ ನಂಬರ್ ತೆಗೆದ. ಹಾಲಪ್ಪಜ್ಜನ ಫೋಟೋ ಕೆಳಗೆ, ಅವರು ಯಾವಾಗ ಮಲಗಿದ್ರು, ಯಾವಾಗ ಹೋದ್ರು, ಇದ್ದಿದ್ದು ಇದ್ದ ಹಾಗೆ ಬರೆದ. ಗುರುಗಳು ಕನ್ನಡಕ ಹಾಕ್ಕೊಂಡು ಒಂದೊಂದು ಸಾಲೂ ತಾವೇ ಓದಿದ್ರು.

ಶಂಭೂಗೆ ತಡೀಲಿಲ್ಲ. "ಗುರುಗಳೆ, ದಿನಾ ನೆನೆಸ್ತಿದ್ರು ಅಂತ ಒಂದು ಮಾತು ಹೇಳಿಬಿಡಬಹುದಿತ್ತು. ಪಾಪ, ಸಮಾಧಾನವಾಗಿ ಹೋಗ್ತಿದ್ರು."

ಗುರುಗಳು ಕನ್ನಡಕ ತೆಗೆದ್ರು.

"ಸಮಾಧಾನವನ್ನ ನಾವು ಅವರಿಗೆ ಮೂರು ವರ್ಷ ಕೊಟ್ವಲ್ಲೋ ಶಂಭು. ಅದಕ್ಕೇ ಅವರು ಬರಲಿಲ್ಲ."