ಕಟ್ಟೆಯ ಕೆಳಗೆ ಬಿಟ್ಟ ದೇವರು

ಹೊಳೆ ಉಕ್ಕಿ ಆಚೆ ದಂಡೆಯ ಹನ್ನೊಂದು ಗುಡಿಸಲುಗಳು ಕೊಚ್ಚಿಹೋದವು. ಅಲ್ಲಿದ್ದ ಬೆಸ್ತರು ದೋಣಿಯಲ್ಲಿ ಈಚೆ ಬಂದು, ಊರ ಹೊರಗಿನ ಹುಣಸೆ ಮರದ ಕೆಳಗೆ ಮಕ್ಕಳು ಮರಿ ಕಟ್ಟಿಕೊಂಡು ಕುಳಿತರು.

ಹೊಳೆಯ ನೀರೆಲ್ಲ ಕೆಸರು. ಅದನ್ನೇ ಕುಡಿದ ಕೂಸುಗಳಿಗೆ ವಾಂತಿಭೇದಿ ಹತ್ತಿತು. ಊರ ಬಾವಿ ನೂರು ಹೆಜ್ಜೆ ದೂರವಿತ್ತು, ಆದರೆ ಊರವರು ಹಗ್ಗ ಮುಟ್ಟಗೊಡಲಿಲ್ಲ. ಸಭೆ ಸೇರಿ ನೋಡೋಣ ಎಂದರು.

ಈಚೆ ದಂಡೆಯ ಮೇಲಿನ ಆಶ್ರಮದಲ್ಲಿ ಚಂದಪ್ಪಜ್ಜನೆಂಬ ಗುರುವಿದ್ದ. ಅವನ ಶಿಷ್ಯ ಕರಿಸಿದ್ಧನಿಗೆ ಆ ಕೂಸುಗಳ ಅಳು ಕೇಳಿ ತುತ್ತು ಇಳಿಯಲಿಲ್ಲ. ಗುರುವಿನ ಅಪ್ಪಣೆ ಪಡೆದು ಊರ ಕಟ್ಟೆಯ ಮೇಲೆ ಸೇರಿದ್ದ ಸಭೆಗೆ ಹೋದ. ಸಂಜೆ ಮೋರೆ ಇಳಿಬಿಟ್ಟುಕೊಂಡು ಬಂದ.

ಅಜ್ಜ ಅವನ ಹಣೆ ನೋಡಿದ. "ವಿಭೂತಿ ಎಲ್ಲಿ ಹೋತು?"

"ಅಳಿಸಿದೆರಿ, ಅಜ್ಜಾರ. 'ದಾಹ ಅಂದವರಿಗೆ ನೀರು ಕೊಡೂದ ಶಿವನ ಪೂಜಿ ಅಂತ ನಂಬೇನಿ' ಅಂದೆ. ಸಂಗನಗೌಡ್ರು ತಡದ್ರು. 'ಇದು ಊರ ಸಭಾ, ನಿಮ್ಮ ಮಠ ಅಲ್ಲ. ನಿನ್ನ ದೇವರನ್ನ ಕಟ್ಟಿ ಕೆಳಗ ಬಿಟ್ಟು ಬಂದು ಮಾತಾಡು' ಅಂದ್ರು."

"ಬಿಟ್ಟಿ?"

"ಬಿಟ್ಟೆ. ಬಾವ್ಯಾಗ ನೀರು ಎಷ್ಟದ, ಹನ್ನೊಂದು ಮನಿಗೆ ಎಷ್ಟು ಬೇಕು, ಅಷ್ಟ ಹೇಳಿದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ಗೌಡ ಏನು ಕಾರಣ ಕೊಟ್ಟ?"

"ಬಾವಿ ಊರದೇವಿ ದ್ಯಾಮವ್ವಂದು, ಹೊರಗಿನವರು ಹಗ್ಗ ಮುಟ್ಟಿದ್ರ ಅವ್ವ ಸಿಟ್ಟಾಗ್ತಾಳ ಅಂದ್ರು."

ಅಜ್ಜ ನಕ್ಕುಬಿಟ್ಟ. "ಹಂಗಾದ್ರ ಗೌಡನ ದೇವರು ಕಟ್ಟಿ ಮ್ಯಾಲ, ಅವನ ಬಾಜೂಕ ಕುಂತಿದ್ಲು. ಕೆಳಗ ಇಳದಾಂವ ನಿನ್ನ ದೇವರು ಒಬ್ಬನ."

ಕರಿಸಿದ್ಧನಿಗೆ ಮೈ ಉರಿದುಹೋಯಿತು. ಎಂಥ ಬೆಪ್ಪುತಕ್ಕಡಿಯಾದೆ ಎಂದು ತನ್ನನ್ನೇ ಬೈದುಕೊಂಡ.

ಮರುದಿನ ಮೂರು ಬೆರಳು ಸಾಲದೆಂದು ಇಡೀ ಅಂಗೈಯಿಂದ ವಿಭೂತಿ ಬಳಿದುಕೊಂಡ. ಹಣೆ, ತೋಳು, ಎದೆ ಯಾವುದನ್ನೂ ಬಿಡಲಿಲ್ಲ. ಅಜ್ಜನನ್ನು ಕೇಳುವ ಗೋಜಿಗೂ ಹೋಗದೆ ಕಟ್ಟೆ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಓಡುತ್ತ ಬಂದ.

"ಗೆದ್ದೆ, ಅಜ್ಜಾರ. ಬಾವಿ ಬಿಟ್ಟುಕೊಡ್ತಾರ."

"ಹೆಂಗ ಒಪ್ಪಿದ್ರು?"

ಕರಿಸಿದ್ಧ ತಡವರಿಸಿದ. "'ಬ್ಯಾಡ ಅಂದವರ ಮನಿತನ ಉಳಿಯೂದಿಲ್ಲ, ಅಜ್ಜಾರ ಶಾಪ ತಟ್ಟತದ' ಅಂದೆ. ಎಲ್ಲಾರೂ ಗಪ್ಪಾದ್ರು. ದ್ಯಾಮವ್ವನ ಪೂಜಾರಿ ನನ್ನ ಕಾಲ ಹಿಡದ."

ಅಜ್ಜನ ಮುಖ ಕಪ್ಪಿಟ್ಟಿತು. ಶಿಷ್ಯನಾಗಿದ್ದ ಹನ್ನೆರಡು ವರ್ಷದಲ್ಲಿ ಅಂಥ ಸಿಟ್ಟನ್ನು ಕರಿಸಿದ್ಧ ಕಂಡಿರಲಿಲ್ಲ.

"ನಿನ್ನೆ ಅವರು ನಿನ್ನ ಬಾಯಿ ಕಟ್ಟಿದ್ರು. ಇವತ್ತು ನೀ ಅವರ ಬಾಯಿ ಕಟ್ಟಿ ಬಂದಿ."

"ಕೂಸುಗಳಿಗೆ ನೀರು ಸಿಕ್ತಲ್ರಿ."

"ನಾಳೆ ನನಗಿಂತ ದೊಡ್ಡ ಶಾಪದಾಂವ ಬರ್ತಾನ. ಬಾವಿ ಮುಚ್ಚಸ್ತಾನ. ಆಗ ಏನು ಹೇಳ್ತಿ?"

ಅಜ್ಜ ಆಶ್ರಮದ ಕೊಡ ಎತ್ತಿಕೊಂಡು ಊರ ಕಡೆ ನಡೆದ. ಶಿಷ್ಯ ಹಿಂದೆಯೇ ಹೊರಟ.

ಕಟ್ಟೆಯ ಎದುರಿಗೇ ಬಾವಿ. ಜನ ಇನ್ನೂ ಚದುರಿರಲಿಲ್ಲ.

"ನನ್ನ ಹತ್ರ ಯಾವ ಶಾಪನೂ ಇಲ್ಲ," ಎಂದ ಅಜ್ಜ. "ನನ್ನ ಶಿಷ್ಯ ಸುಳ್ಳು ಹೇಳ್ಯಾನ. ಯಾರ ಮನಿಗೂ ಏನೂ ಆಗೂದಿಲ್ಲ. ಅಂಜದ ಕುಂತು ಮತ್ತ ವಿಚಾರ ಮಾಡ್ರಿ."

ಕರಿಸಿದ್ಧನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈಗೆ ಬಂದ ನೀರನ್ನು ಗುರುವೇ ಚೆಲ್ಲಿಬಿಟ್ಟಿದ್ದ.

ಹೆದರಿಕೆ ಹೋದದ್ದೇ ತಡ, ಗೌಡನಿಗೆ ದನಿ ಬಂತು. "ಹಂಗಾದ್ರ ಬಾವಿ ಬಿಡೂದಿಲ್ಲ." ನಾಲ್ಕು ಜನ ಹೂಂ ಎಂದರು.

ನೀರಿಗೆ ಬಂದಿದ್ದ ಮುದುಕಿಯೊಬ್ಬಳು ಕೊಡ ಕೆಳಗಿಟ್ಟಳು. "ದ್ಯಾಮವ್ವ ನನಗೂ ಅವ್ವನ. ಕೂಸಿಗೆ ನೀರು ಬ್ಯಾಡ ಅನ್ನೂ ಅವ್ವನ್ನ ನಾ ಎಲ್ಲೂ ಕಂಡಿಲ್ಲ."

ಒಬ್ಬ ಅವಳ ಮೇಲೆ ರೇಗಿದ. ಇನ್ನೊಬ್ಬ ಅವಳ ಪರ ನಿಂತ. ಎರಡು ದಿನದಲ್ಲಿ ಮೊದಲ ಸಲ ಆ ಕಟ್ಟೆಯ ಮೇಲೆ ಸರಿಯಾದ ಜಗಳ ಹತ್ತಿತು.

ಅಜ್ಜ ಅದನ್ನು ಕೇಳುತ್ತಲೇ ನೀರು ಸೇದಿದ. ತುಂಬಿದ ಕೊಡ ಹೆಗಲಿಗೇರಿಸಿ ಹುಣಸೆ ಮರದ ಕಡೆ ತಿರುಗಿದ. ಮುದುಕಿ ತನ್ನ ಕೊಡವನ್ನು ಕರಿಸಿದ್ಧನತ್ತ ಸರಿಸಿದಳು. ಅವನು ಹಗ್ಗ ಹಿಡಿದ.

ಗೌಡ ಅಜ್ಜನಿಗೆ ಅಡ್ಡ ನಿಂತ. "ಸಭಾ ಇನ್ನೂ ಮುಗದಿಲ್ಲ, ಅಜ್ಜಾರ. ಯಾರ ಅಪ್ಪಣಿ ಮ್ಯಾಲ ನೀರು ಒಯ್ಯಾಕತ್ತೀರಿ?"

"ನನ್ನ ದೇವರ ಅಪ್ಪಣಿ ಮ್ಯಾಲ."

"ಶಾಪ ಇಲ್ಲ ಅಂತ ಈಗ ಹೇಳಿದ್ರಿ. ಮತ್ತ ದೇವರನ್ನ ಯಾಕ ತರ್ತೀರಿ?"

ಕೊಡ ತುಳುಕಿ ಅಜ್ಜನ ಎದೆ ತೊಯ್ದಿತು. ಅವನು ಕೊಡ ಇಳಿಸಲಿಲ್ಲ.

"ಸಭಾ ನಡೀಲಿ, ಗೌಡ. ನಾಳೆ ನಾನೂ ವಾದಕ್ಕ ಬರ್ತೀನಿ, ಹಣಿ ತುಂಬ ವಿಭೂತಿ ಹಚ್ಚಿಕೊಂಡ ಬರ್ತೀನಿ. ನನ್ನ ದೇವರು ನಿನ್ನ ಹೆಗಲ ಮ್ಯಾಲ ಕೂಡ್ರಾಕ ಬಂದಿಲ್ಲ, ನನ್ನ ಹೆಗಲ ಮ್ಯಾಲ ಕೊಡ ಇಡಾಕ ಬಂದಾನ. ದಾರಿ ಬಿಡು."