ಒಂಬತ್ತು ದಿನದ ಬುನಾದಿ

"ತನ್ನ ಭಾರವನ್ನು ತಾನೊಬ್ಬನೇ ಹೊರುವವನು ದೊಡ್ಡವನಲ್ಲವೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಆ ಶಿಷ್ಯ ಕೆಲವು ದಿನಗಳಿಂದ ಊಟದ ಪಂಕ್ತಿ ಬಿಟ್ಟು ದೂರ ಕೂತು ಉಣ್ಣುತ್ತಿದ್ದುದನ್ನು ಗುರುಗಳು ಕಂಡಿದ್ದರು. ಅವರು ನೇರ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಎರೆಮಣ್ಣಿನ ಊರೊಂದರಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಕೆಲಸದಲ್ಲಿ ಬಲು ಜಾಣ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತನೆಂದರೆ ಹೆಂಡತಿ ಎದುರಿಗೆ ಬಂದು ನಿಂತರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವನ ಮನೆಯ ಅಡುಗೆಮನೆ ಗಾಳಿ ಬೆಳಕಿಲ್ಲದ ಗೂಡು. ಅಲ್ಲಿ ಹನ್ನೊಂದು ವರ್ಷ ಹೊಗೆ ಕುಡಿದ ಹೆಂಡತಿ ಒಂದು ದಿನ ಬಟ್ಟೆಯ ಗಂಟು ಕಟ್ಟಿಕೊಂಡು ತವರಿಗೆ ಹೊರಟಳು.

ಹೊಸ್ತಿಲಲ್ಲಿ ನಿಂತು, "ಹೊಸಾ ಅಡಗಿಮನಿ ಕಟ್ಟಸ್ರಿ, ಬರ್ತೀನಿ. ಕಾಂಕ್ರೀಟ್ ಹಾಕೋ ದಿವಸ ಹೇಳಿ ಕಳಸ್ರಿ. ನಾನೂ ಬುಟ್ಟಿ ಹಿಡಿಯಾಕ ಬರ್ತೀನಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಹೆಂಡತಿ ಬಿಟ್ಟುಹೋದಳು ಎಂಬುದೊಂದೇ ಅವನ ಕಿವಿಗೆ ಬಿತ್ತು.

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಯಾರದೇ ಮನೆಯ ಬುನಾದಿಗೆ ಕಾಂಕ್ರೀಟ್ ಹಾಕುವ ದಿನ ಓಣಿಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಬುಟ್ಟಿ ದಾಟಿಸುತ್ತಿದ್ದರು. ಬೆಳಿಗ್ಗೆ ಶುರುವಾದ ಕೆಲಸ ಹೊತ್ತು ಮುಳುಗುವ ಮೊದಲೇ ಮುಗಿಯುತ್ತಿತ್ತು. ಆದರೆ ಮನೆಯವನು ಹಿಂದಿನ ದಿನ ಮನೆಮನೆಗೆ ಹೋಗಿ ಎಲೆಅಡಿಕೆ ಕೊಟ್ಟು ಕರೆಯಬೇಕು. ಕರೆಯದ ಮನೆಗೆ ಯಾರೂ ಹೋಗುವಂತಿಲ್ಲ. ಹಾಗೆ ಹೋದರೆ ಆ ಮನೆಯವನನ್ನು ಕೈಲಾಗದವನು ಎಂದಂತೆ.

ಅವನು ಎಲೆಅಡಿಕೆಯನ್ನು ತಂದೇನೋ ತಂದ. ಆದರೆ ಮೊದಲ ಮನೆಯ ಬಾಗಿಲಲ್ಲೇ ಕಾಲು ನಿಂತಿತು. ಹೆಂಡತಿ ಎಲ್ಲಿ ಎಂದು ಇವರು ಕೇಳಿದರೆ? ಅವನು ಮನೆಗೆ ವಾಪಸಾದ. ಹೆಂಡತಿಗೂ ಹೇಳಿ ಕಳಿಸಲಿಲ್ಲ. ಅಡುಗೆಮನೆ ಪೂರ್ತಿ ಕಟ್ಟಿ ಮುಗಿಸಿ, ಆಮೇಲೆ ಕರೆದು ತೋರಿಸಿದರಾಯಿತು ಎಂದುಕೊಂಡ.

ಹಿತ್ತಲಲ್ಲಿ ತಾನೇ ಪಾಯ ತೋಡಿದ. ಉಸುಕು, ಖಡಿ, ಸಿಮೆಂಟ್ ತಾನೇ ಕಲಸಿದ. ತಾನೇ ಬುಟ್ಟಿ ತುಂಬಿದ, ತಾನೇ ಹೊತ್ತ, ತಾನೇ ಸುರಿದ. ಒಬ್ಬನ ರಟ್ಟೆಗೆ ದಿನಕ್ಕೆ ನಾಲ್ಕು ಮೊಳ ಮುಗಿದರೆ ಹೆಚ್ಚು. ಸಂಜೆ ಸಲಿಕೆ ತೊಳೆದಿಟ್ಟು, ಖಾನಾವಳಿಯಿಂದ ತಂದ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದ. ಇವತ್ತು ಇಷ್ಟಾಯಿತು ನೋಡು ಎಂದು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ರಟ್ಟೆಯ ನೋವಿಗಿಂತ ಅದೇ ಅವನನ್ನು ಹೆಚ್ಚು ಕಾಡಿತು.

ಪಕ್ಕದ ಮನೆಯ ಅಜ್ಜಿ ಒಂದು ದಿನ ಗೋಡೆಯಾಚೆಯಿಂದ, "ಬುನಾದಿ ಯಾವಾಗ ಹಾಕ್ತೀಯೋ ತಮ್ಮಾ?" ಎಂದು ಕೇಳಿದಳು.

ಮೊಣಕೈತನಕ ಸಿಮೆಂಟ್ ಮೆತ್ತಿಕೊಂಡು ನಿಂತಿದ್ದ ಅವನು, "ಇನ್ನೂ ತಡಾ ಐತಿ ಆಯಿ" ಎಂದ.

ಒಂಬತ್ತನೆಯ ದಿನ ನಾಲ್ಕೂ ಕಡೆ ಮುಗಿದು ಬುನಾದಿಯ ಸುತ್ತು ಕೂಡಿತು. ಅವನು ಅದಕ್ಕೆ ನೀರು ಹಾಕಿ, ಗೋಣಿತಾಟು ಹೊದಿಸಿ, ಮಗುವನ್ನು ನೋಡಿಕೊಂಡಂತೆ ನೋಡಿಕೊಂಡ.

ಗಡಿಯಾರ ರಿಪೇರಿಗೆಂದು ಒಬ್ಬ ಗೌಂಡಿ ಆ ಮನೆಗೆ ಬಂದ. ಆ ಗೌಂಡಿ ಊರವರ ಮನೆಗಳಿಗೆ ಬುನಾದಿ ಕಟ್ಟಿಯೇ ಮುದುಕನಾದವನು. ಹಿತ್ತಲಲ್ಲಿ ಹೊಸ ಬುನಾದಿ ಕಂಡು, ಅಲ್ಲಿಗೆ ಹೋಗಿ ಗೋಣಿತಾಟು ಸರಿಸಿ ನೋಡಿದ. ಒಂದು ಕೊಡ ನೀರು ತರಿಸಿ ಬುನಾದಿಯ ಮೇಲೆ ಸುರಿಯುತ್ತ ಒಂದು ಸುತ್ತು ಬಂದ. ಒಂಬತ್ತು ಕಡೆ ಕೂದಲೆಳೆಯಂಥ ಸಂದಿಗಳಲ್ಲಿ ನೀರು ಇಂಗಿಹೋಯಿತು.

"ಹಸಿಗೆ ಹಸಿ ಬಿದ್ದರ ಕೂಡತೈತಿ. ಒಣಗಿದ್ದಕ್ಕ ಹಸಿ ಕೂಡಂಗಿಲ್ಲ" ಎಂದ ಗೌಂಡಿ. "ಇದು ಒಂದು ಬುನಾದಿ ಅಲ್ಲ, ಒಂಬತ್ತು ತುಂಡು. ಮಳಿಗೆ ಎರಿಮಣ್ಣು ಉಬ್ಬಿತಂದ್ರ ಒಂದೊಂದೂ ಒಂದೊಂದು ಕಡೆ ಏಳತೈತಿ. ಇದರ ಮ್ಯಾಲೆ ಗ್ವಾಡಿ ಎಬ್ಬಸಬ್ಯಾಡ್ರಿ, ಹೆಂಗಸು ಅಡಗಿ ಮಾಡೋ ಜಾಗ. ಒಡದು ತಗೀರಿ. ಓಣಿಯವ್ರನ್ನ ಕರೀರಿ, ಮನಿಯವ್ರಿಗೂ ಹೇಳಿ ಕಳಸ್ರಿ, ಒಂದ ದಿನದಾಗ ಹಾಕಿ ಮುಗಸೋಣು. ನಾನೂ ಬರ್ತೀನಿ."

ಅವನು ಆಗಲಿ ಎಂಬಂತೆ ತಲೆಯಾಡಿಸಿದ. ಗೌಂಡಿ ಹೋದಮೇಲೆ ಬುನಾದಿಯ ಅಂಚಿನಲ್ಲೇ ಕೂತು, ಬಹಳ ಹೊತ್ತು ಅತ್ತ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲಾದರೂ ಅವನು ಜನರನ್ನು ಕರೆದನೇ? ಹೆಂಡತಿಗೆ ಹೇಳಿ ಕಳಿಸಿದನೇ?"

ಗುರುಗಳು ಹೇಳಿದರು: "ಒಡೆಯುವುದಕ್ಕೂ ಅವನು ಯಾರನ್ನೂ ಕರೆಯಲಿಲ್ಲ."