ಜಾಲರಿಯ ಮುಖ

ಜಲ್ಲಿ ಲಾರಿಗಳ ರಸ್ತೆಯಲ್ಲಿ ಓಡುತ್ತಿದ್ದ ಕಾರೊಂದರ ರೇಡಿಯೇಟರಿಗೆ ಕಲ್ಲು ಬಡಿದು ನೀರು ಸೋರಿತು. ಮೆಕ್ಯಾನಿಕ್ ಇಲಿಯಾಸ್ ಅದಕ್ಕೆ ಬೆಸುಗೆ ಹಾಕಿ, ಮುಂದೆ ಒಂದು ತಂತಿ ಜಾಲರಿ ಕೂರಿಸಿದ. ಆಮೇಲೆ ತಿಂಗಳುಗಟ್ಟಲೆ ರೇಡಿಯೇಟರಿಗೆ ಒಂದು ಕಲ್ಲೂ ತಾಗಲಿಲ್ಲ.

"ಜಾಲರಿಯೇ, ರಸ್ತೆ ಸರಿಹೋಗಿದೆ. ನೀನು ಸುಮ್ಮನೆ ನನ್ನ ಗಾಳಿಗೆ ಅಡ್ಡ ನಿಂತಿದ್ದೀಯೆ" ಎಂದಿತು ರೇಡಿಯೇಟರ್.

"ನಿನಗೆ ಹಾಗೆ ಅನ್ನಿಸಿದರೆ ಸಂತೋಷ" ಎಂದಿತು ಜಾಲರಿ.

"ದಾರಿಯುದ್ದಕ್ಕೂ ಟಣ್ ಟಣ್ ಎಂದು ಸದ್ದು ಬೇರೆ ಮಾಡುತ್ತೀಯೆ."

"ಇನ್ನು ಮೆಲ್ಲಗೆ ಮಾಡುತ್ತೇನೆ."

ಆಯುಧಪೂಜೆಯ ದಿನ ಮಾಲೀಕರು ಕಾರನ್ನು ಗ್ಯಾರೇಜಿಗೆ ತಂದರು. "ಈ ಜಾಲರಿ ಸೊಟ್ಟಗಾಗಿದೆ ಇಲಿಯಾಸ್, ಪೂಜೆಗೆ ಚೆನ್ನಾಗಿ ಕಾಣಲ್ಲ. ಹೊಸದು ಹಾಕಿಬಿಡು."

"ಇಷ್ಟು ದಿನ ಏಟು ತಿಂದಿದ್ದು ಇದೇ ಅಲ್ವಾ ಸಾರ್" ಎನ್ನುತ್ತ ಇಲಿಯಾಸ್ ಜಾಲರಿಯನ್ನು ಬಿಚ್ಚಿ ಎದುರಿನ ಗೋಡೆಗೆ ಒರಗಿಸಿದ.

ಅಲ್ಲಿಯವರೆಗೆ ಅದರ ಬೆನ್ನನ್ನಷ್ಟೇ ಕಂಡಿದ್ದ ರೇಡಿಯೇಟರ್ ಅಂದು ಮೊದಲ ಬಾರಿ ಅದರ ಮುಖ ನೋಡಿತು. ಕಲ್ಲೇಟಿಗೆ ನೆಗ್ಗದ ಜಾಗವೇ ಅದರಲ್ಲಿ ಉಳಿದಿರಲಿಲ್ಲ.

"ಹಾಗಾದರೆ ರಸ್ತೆ ಸರಿಹೋಗಿರಲಿಲ್ಲವೇ?" ಎಂದು ರೇಡಿಯೇಟರ್ ಕೇಳುವಷ್ಟರಲ್ಲಿ ಗುಜರಿ ಗಾಡಿ ಜಾಲರಿಯನ್ನು ಹೇರಿಕೊಂಡು ಹೊರಟಿತ್ತು. ಮಾಲೀಕರು ಹೊಸ ಜಾಲರಿಗೆ ಸೇವಂತಿಗೆ ಹಾರ ಕಟ್ಟುತ್ತಿದ್ದರು.